ಮೋಟಾರ್‌ಹೋಮ್‌ಗೆ ಸಿಬಿ ರೇಡಿಯೋ, ಆಂಟೆನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಬಿ (ಸಿಟಿಜನ್ಸ್ ಬ್ಯಾಂಡ್, ಅಂದರೆ ಸುತ್ತಮುತ್ತಲಿನವರು ಒಂದೇ ಚಾನೆಲ್‌ನಲ್ಲಿ ನೇರವಾಗಿ ಮಾತಾಡಿಕೊಳ್ಳುವ ರೇಡಿಯೋ) ಹಾಕಿಸಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು "ಯಾವ ರೇಡಿಯೋ ಒಳ್ಳೆಯದು?" ಎಂದೇ. ಕಾರಿಗೋ ಲಾರಿಗೋ ಆದರೆ ಆ ಪ್ರಶ್ನೆ ಸರಿ. ಮೋಟಾರ್‌ಹೋಮ್‌ನಲ್ಲಿ ಮಾತ್ರ, ಅಂದರೆ ಒಳಗೇ ಮನೆ ಮಾಡಿಕೊಂಡ ಗಾಡಿಯಲ್ಲಿ, ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಾಡಿಯ ಮೈ ಯಾವುದರಿಂದ ಮಾಡಿದ್ದು, ಆಂಟೆನಾ ನಿಲ್ಲುವ ಕಡೆ ಕೆಳಗೆ ಲೋಹ ಇದೆಯೋ ಇಲ್ಲವೋ, ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ಅದು ಸರಿಯಿದ್ದರೆ ಸಾಧಾರಣ ರೇಡಿಯೋವೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ತಪ್ಪಿದರೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಪಕ್ಕದ ಗಾಡಿಯವರಿಗೇ ನಿಮ್ಮ ಮಾತು ಕೇಳಿಸುವುದಿಲ್ಲ. ಹಾಗಾಗಿ ಈ ಪುಟದಲ್ಲಿ ಹೆಚ್ಚಿನ ಜಾಗ ಆಂಟೆನಾಕ್ಕೇ ಹೋಗಿದೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಸಿಬಿ ಯಾಕೆ ಬೇಕು?

ಮೊಬೈಲ್‌ನಲ್ಲಿ ಮಾತಾಡಲು ನಂಬರ್ ಬೇಕು. ಎರಡು ಕಿಲೋಮೀಟರ್ ಮುಂದೆ ಲಾರಿ ಮಗುಚಿಬಿದ್ದಿದೆ ಎಂದು ಕಣ್ಣಾರೆ ನೋಡಿದವರ ನಂಬರ್ ನಿಮ್ಮ ಹತ್ತಿರ ಇರುವುದಿಲ್ಲ, ಅವರ ಹತ್ತಿರ ನಿಮ್ಮದೂ ಇರುವುದಿಲ್ಲ. ಸಿಬಿಯಲ್ಲಿ ಒಬ್ಬರು ಆಡಿದ್ದು ಆ ಚಾನೆಲ್‌ನಲ್ಲಿರುವ ಸುತ್ತಲಿನ ಎಲ್ಲರಿಗೂ ಒಟ್ಟಿಗೇ ಕೇಳುತ್ತದೆ. ಟವರ್ ಬೇಡ, ತಿಂಗಳ ಬಿಲ್ ಇಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಲಾರಿ ಚಾಲಕರು ಡೀಸೆಲ್ ಎಲ್ಲಿ ಸಿಗುತ್ತಿದೆ ಎಂದು ಒಬ್ಬರಿಗೊಬ್ಬರು ತಿಳಿಸಿದ್ದು ಹೀಗೆಯೇ. ಸಿಬಿ ಮನೆಮಾತಾದದ್ದೂ ಆಗಲೇ.

ಮೋಟಾರ್‌ಹೋಮ್ ಎತ್ತರದ, ಅಗಲದ, ಬೇಗ ನಿಲ್ಲಿಸಲಾಗದ ಗಾಡಿ. ತಗ್ಗು ಸೇತುವೆ, ಅಡ್ಡಗಾಳಿ, ಕಾಮಗಾರಿ ನಡೆಯುವ ಒಂಟಿ ಲೇನು ಇವು ಮುಂದಿವೆ ಎಂದು ಮೊದಲೇ ಗೊತ್ತಾದರೆ ಅದರ ಬೆಲೆ ಚಾಲಕನಿಗೇ ಗೊತ್ತು. ಎರಡು ಮೂರು ಗಾಡಿ ಒಟ್ಟಿಗೆ ಹೊರಟಾಗಂತೂ ಸಿಬಿ ಬಲು ಅನುಕೂಲ. ಹಿಂದಿನಷ್ಟು ಜನ ಈಗ ಸಿಬಿಯಲ್ಲಿ ಇಲ್ಲ ಎಂಬುದೂ ನಿಜವೇ. ಕೆಲವು ರಸ್ತೆಗಳಲ್ಲಿ ಗಂಟೆಗಟ್ಟಲೆ ಯಾರ ದನಿಯೂ ಬರುವುದಿಲ್ಲ. ಹರಟೆಗೆಂದು ಕೊಳ್ಳುವವರಿಗೆ ಬೇಸರವಾಗಬಹುದು, ದಾರಿಯ ಸುದ್ದಿಗೆಂದು ಕೊಳ್ಳುವವರಿಗೆ ಆಗುವುದಿಲ್ಲ.

ಎಷ್ಟು ದೂರ ಕೇಳಿಸುತ್ತದೆ?

ಗಾಡಿಯಿಂದ ಗಾಡಿಗೆ, ಆಂಟೆನಾ ಸರಿಯಾಗಿ ಕೂತಿದ್ದರೆ, ಸಾಮಾನ್ಯವಾಗಿ 5ರಿಂದ 8 ಕಿಲೋಮೀಟರ್. ಬಯಲು ಸೀಮೆಯಲ್ಲಿ ಇನ್ನೂ ಹೆಚ್ಚು, ಊರೊಳಗೆ ಮತ್ತು ಬೆಟ್ಟಗಳ ನಡುವೆ ಕಡಿಮೆ. ಪೆಟ್ಟಿಗೆಯ ಮೇಲೆ ಇದಕ್ಕಿಂತ ದೊಡ್ಡ ಅಂಕಿ ಬರೆದಿದ್ದರೆ ನಂಬಬೇಡಿ.

ಒಮ್ಮೊಮ್ಮೆ ಸಾವಿರಾರು ಕಿಲೋಮೀಟರ್ ಆಚೆಯವರ ಮಾತು ಪಕ್ಕದಲ್ಲೇ ಆಡಿದಂತೆ ಕೇಳಿಬರುತ್ತದೆ. ಈ ಅಲೆಗಳು ವಾತಾವರಣದ ಮೇಲಿನ ಅಯಾನುಗೋಳಕ್ಕೆ (ವಿದ್ಯುದಾವೇಶ ಇರುವ ಪದರಕ್ಕೆ) ತಾಗಿ ಕೆಳಗೆ ಮರಳುವುದೇ ಇದಕ್ಕೆ ಕಾರಣ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಏರಿದ ವರ್ಷಗಳಲ್ಲಿ ಇದು ಪದೇ ಪದೇ ಆಗುತ್ತದೆ. ಕೇಳಲು ಸೊಗಸು, ಆದರೆ ಪಕ್ಕದ ಗಾಡಿಯವರ ಮಾತು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಲೈಸೆನ್ಸ್ ಬೇಕೇ?

ಅಮೆರಿಕದಲ್ಲಿ ಬೇಡ. ಅಲ್ಲಿ ಈ ಸೇವೆಗೆ 1958ರಲ್ಲಿ 27 ಮೆಗಾಹರ್ಟ್ಸ್ ಪಟ್ಟಿ ಸಿಕ್ಕಿತು, 1977ರಲ್ಲಿ ಚಾನೆಲ್‌ಗಳು 23ರಿಂದ 40ಕ್ಕೆ ಏರಿದವು. ದನಿಯನ್ನು ಅಲೆಗೆ ಏರಿಸುವ ವಿಧಾನಗಳಲ್ಲಿ ಎಎಂ ಮತ್ತು ಎಫ್‌ಎಂಗೆ 4 ವಾಟ್, ಎಸ್‌ಎಸ್‌ಬಿಗೆ (ಸಿಂಗಲ್ ಸೈಡ್‌ಬ್ಯಾಂಡ್) 12 ವಾಟ್ ಮಿತಿ. ಎಫ್‌ಎಂಗೆ ಅನುಮತಿ ಸಿಕ್ಕಿದ್ದು ತೀರಾ ಈಚೆಗೆ, 2021ರಲ್ಲಿ. ಬ್ರಿಟನ್‌ನಲ್ಲಿ 1981ರ ನವೆಂಬರ್‌ನಲ್ಲಿ ಎಫ್‌ಎಂ ಸಿಬಿ ಕಾನೂನುಬದ್ಧವಾಯಿತು, 2014ರಿಂದ ಎಎಂ ಮತ್ತು ಎಸ್‌ಎಸ್‌ಬಿ ಕೂಡ. ಅಲ್ಲಿ ಯುರೋಪಿನ 40 ಚಾನೆಲ್‌ಗಳ ಜೊತೆಗೆ ಬ್ರಿಟನ್ನಿನದೇ ಆದ ಬೇರೆ 40 ಚಾನೆಲ್‌ಗಳಿವೆ. ಗಡಿ ದಾಟಿ ಓಡಾಡುವ ಮೋಟಾರ್‌ಹೋಮ್‌ನವರು ದೇಶಕ್ಕೆ ತಕ್ಕಂತೆ ಚಾನೆಲ್ ಪಟ್ಟಿ ಬದಲಿಸುವ ರೇಡಿಯೋ ಕೊಳ್ಳುವುದು ಮೇಲು. ಬಳಸುವ ಮುನ್ನ ಆ ದೇಶದ ನಿಯಮವನ್ನೂ ಓದಿಕೊಳ್ಳಿ.

ಆಸ್ಟ್ರೇಲಿಯಾದ ಕಥೆಯೇ ಬೇರೆ. ಅಲ್ಲಿ ರಸ್ತೆಯಲ್ಲಿ ನಡೆಯುವುದು 477 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ಸಿಬಿ. ಲಾರಿಯವರು ಚಾನೆಲ್ 40ರಲ್ಲಿ, ಕ್ಯಾರವಾನ್ ಮತ್ತು ಮೋಟಾರ್‌ಹೋಮ್‌ನವರು 18ರಲ್ಲಿ. ಅದರ ಆಂಟೆನಾ ಗಿಡ್ಡ, ಅಳವಡಿಕೆಯೂ ಸುಲಭ. ಇಲ್ಲಿ ಮುಂದೆ ಹೇಳುವುದೆಲ್ಲ 27 ಮೆಗಾಹರ್ಟ್ಸ್ ಸಿಬಿಯ ಮಾತು.

ಸರಿ, ರೇಡಿಯೋ ಯಾವುದು ತಗೊಳ್ಳಲಿ?

ಡ್ಯಾಶ್‌ಬೋರ್ಡ್‌ನಲ್ಲಿ ಎಷ್ಟು ಜಾಗ ಇದೆ ಎಂದು ಅಳೆದು ನೋಡಿ. ಎಎಂ, ಎಫ್‌ಎಂನಲ್ಲಿ ಕಾನೂನಿನ ಪ್ರಕಾರ ಎಲ್ಲ ರೇಡಿಯೋಗಳ ಶಕ್ತಿಯ ಮಿತಿಯೂ ಒಂದೇ, 4 ವಾಟ್. ಬೆಲೆ ಹೆಚ್ಚಾದಂತೆ ಸಿಗುವುದು ಒಳ್ಳೆಯ ರಿಸೀವರ್, ಗದ್ದಲ ತಗ್ಗಿಸುವ ಸವಲತ್ತು, ಗಟ್ಟಿ ಸ್ಪೀಕರ್. ಮೋಟಾರ್‌ಹೋಮ್‌ಗೆ ನಾನು ನೋಡುವುದು ಮೂರೇ ಅಂಶ: ನಾಯ್ಸ್ ಬ್ಲಾಂಕರ್ (ಎಂಜಿನ್ನಿನಂಥ ಕರಕರ ಸದ್ದು ಕತ್ತರಿಸುವುದು) ಇರಬೇಕು, ಆರ್‌ಎಫ್ ಗೇನ್ ಗುಂಡಿ (ರಿಸೀವರ್ ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕೆಂದು ಹೊಂದಿಸುವುದು) ಇರಬೇಕು, ಹೊರಗಿನ ಸ್ಪೀಕರ್ ಚುಚ್ಚಲು ಜಾಗ ಇರಬೇಕು. ರೇಡಿಯೋದ ಸ್ಪೀಕರ್ ಸಾಮಾನ್ಯವಾಗಿ ತಳದಲ್ಲಿರುತ್ತದೆ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ದನಿ ಪ್ಲಾಸ್ಟಿಕ್‌ಗೆ ಬಡಿದು ಅಲ್ಲೇ ಸಾಯುತ್ತದೆ. ಎಂಜಿನ್ ಸದ್ದಿನ ಮೇಲೆ ಮಾತು ಕೇಳಿಸಬೇಕಾದರೆ ಚಾಲಕನ ತಲೆಯ ಹತ್ತಿರ ಒಂದು ಸಣ್ಣ ಹೊರ ಸ್ಪೀಕರ್ ಬೇಕೇ ಬೇಕು.

ಲಾರಿಯವರ ಅಚ್ಚುಮೆಚ್ಚಿನ ಕೋಬ್ರಾ 29 ಗಟ್ಟಿಮುಟ್ಟಾದದ್ದು, ಆದರೆ ದೊಡ್ಡ ಪೆಟ್ಟಿಗೆ. ಜಾಗವೇ ಇಲ್ಲದವರಿಗೆ ಕೋಬ್ರಾ 75 ಥರದವು ಹೊಂದುತ್ತವೆ. ಅದರಲ್ಲಿ ಎಲ್ಲ ಗುಂಡಿಗಳೂ ಪರದೆಯೂ ಕೈಯಲ್ಲಿ ಹಿಡಿಯುವ ಮೈಕಿನಲ್ಲೇ ಇವೆ, ಪೆಟ್ಟಿಗೆಯನ್ನು ಸೀಟಿನಡಿ ಬಚ್ಚಿಡಬಹುದು. ಕೈಯಲ್ಲಿ ಹಿಡಿಯುವ ಪೂರಾ ಸಿಬಿ ಸೆಟ್ ಮಾತ್ರ ಬೇಡ. ಅದರ ರಬ್ಬರ್ ಆಂಟೆನಾ ಗಾಡಿಯೊಳಗೆ ಏನೂ ಮಾಡಲಾರದು.

ಎಸ್‌ಎಸ್‌ಬಿ ಇರುವುದನ್ನು ಕೊಳ್ಳಬೇಕೇ?

ರಸ್ತೆಯ ಸುದ್ದಿ ಬರುವುದು ಹೆಚ್ಚಾಗಿ ಎಎಂನಲ್ಲಿ (ಯುರೋಪಿನ ಹಲವು ಕಡೆ ಎಫ್‌ಎಂನಲ್ಲೂ). ಎಸ್‌ಎಸ್‌ಬಿ ದೂರದವರೊಡನೆ ಮಾತಾಡುವ ಹವ್ಯಾಸ ಇರುವವರಿಗೆ. ಆ ಹಣವನ್ನು ಆಂಟೆನಾಕ್ಕೆ ಹಾಕಿ.

ಆಂಟೆನಾ ಎಷ್ಟು ಉದ್ದ ಇರಬೇಕು?

27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಗಾಡಿಯ ಆಂಟೆನಾ ಅದರ ಕಾಲುಭಾಗದಷ್ಟು, ಅಂದರೆ ಹತ್ತಿರ ಹತ್ತಿರ 2.7 ಮೀಟರ್ ಇರಬೇಕು. ಹಳೆಯ ಕಾಲದ ಉಕ್ಕಿನ ಕಡ್ಡಿ ಆಂಟೆನಾ ಇಷ್ಟೇ ಉದ್ದ ಇರುತ್ತಿತ್ತು. ಕೆಲಸದಲ್ಲಿ ಇವತ್ತಿಗೂ ಅದನ್ನು ಮೀರಿಸಿದ್ದಿಲ್ಲ. ಆದರೆ ಮೂರೂವರೆ ಮೀಟರ್ ಎತ್ತರದ ಗಾಡಿಯ ನೆತ್ತಿಯ ಮೇಲೆ ಅದನ್ನು ನೆಡುವಂತಿಲ್ಲ.

ಹಾಗಾಗಿ ಉದ್ದವನ್ನು ಸುರುಳಿ ಸುತ್ತಿ ಗಿಡ್ಡ ಮಾಡುತ್ತಾರೆ. ಸುರುಳಿ ಬುಡದಲ್ಲಿರಬಹುದು, ನಡುವೆ ಇರಬಹುದು, ತುದಿಯಲ್ಲಿರಬಹುದು. ಗಿಡ್ಡವಾದಷ್ಟೂ ಎರಡು ನಷ್ಟ: ಶಕ್ತಿ ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ, 40 ಚಾನೆಲ್‌ಗೂ ಒಂದೇ ಸಮನೆ ಹೊಂದುವುದಿಲ್ಲ. ಮೋಟಾರ್‌ಹೋಮ್‌ಗೆ 1.2 ಮೀಟರ್ ಆಸುಪಾಸಿನ, ತುದಿಯ ಕಡೆ ಸುರುಳಿ ಇರುವ ಫೈಬರ್‌ಗ್ಲಾಸ್ ಕಡ್ಡಿ ಒಳ್ಳೆಯ ನಡುದಾರಿ. ಒಂದು ಮೀಟರ್‌ಗಿಂತ ಗಿಡ್ಡದ್ದು ಹಾಕಿದರೆ ದೂರದ ಆಸೆ ಬಿಡಬೇಕು.

ಗ್ರೌಂಡ್ ಪ್ಲೇನ್ ಎಂದರೇನು? ಎಲ್ಲರೂ ಅದನ್ನೇ ಹೇಳುತ್ತಾರಲ್ಲ?

ನೆಟ್ಟಗೆ ನಿಂತ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಉಳಿದ ಅರ್ಧವನ್ನು ಅದರ ಬುಡದ ಸುತ್ತಲಿನ ಲೋಹ ಒದಗಿಸಬೇಕು. ಕಡ್ಡಿಯಲ್ಲಿ ಹರಿಯುವ ವಿದ್ಯುತ್ತಿಗೆ ಎದುರಾಗಿ ಆ ಲೋಹದಲ್ಲೂ ಅಷ್ಟೇ ಹರಿಯಬೇಕು. ಲೋಹವೇ ಇಲ್ಲದಿದ್ದರೆ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ. ಕಾರಿನ ತಗಡಿನ ಛಾವಣಿ ಈ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಡುತ್ತದೆ, ಅದಕ್ಕೇ ಕಾರಿನವರಿಗೆ ಈ ಪದವೇ ಗೊತ್ತಿರುವುದಿಲ್ಲ.

ಮೋಟಾರ್‌ಹೋಮ್‌ನ ಮೈ ಬಹಳ ಸಲ ಫೈಬರ್‌ಗ್ಲಾಸ್, ಪ್ಲೈವುಡ್ ಮತ್ತು ಥರ್ಮಾಕೋಲ್‌ನ ಪದರಗಳು. ಛಾವಣಿ ರಬ್ಬರ್ ಹಾಳೆ. ಒಳಗೆ ಅಲ್ಯೂಮಿನಿಯಂ ಚೌಕಟ್ಟು ಇರಬಹುದು, ಆದರೆ ಅದು ಷಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) ಸೇರಿಕೊಂಡಿದೆ ಎಂಬ ಖಾತ್ರಿ ಇಲ್ಲ. ವ್ಯಾನ್ ಮೈಯನ್ನೇ ಉಳಿಸಿಕೊಂಡು ಕಟ್ಟಿದ ಮೋಟಾರ್‌ಹೋಮ್ ನಿಮ್ಮದಾಗಿದ್ದರೆ ನೀವು ಅದೃಷ್ಟವಂತರು, ಛಾವಣಿ ಉಕ್ಕಿನದೇ. ಅನುಮಾನವಿದ್ದರೆ ಒಂದು ಅಯಸ್ಕಾಂತ ಹಿಡಿದು ಗಾಡಿ ಸುತ್ತಿ ಬನ್ನಿ. ಅಂಟಿದರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಫೈಬರ್‌ಗ್ಲಾಸ್ ಇರಬಹುದು. ಬೆರಳಿನಿಂದ ತಟ್ಟಿ ನೋಡಿದರೆ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ.

ನನ್ನದು ಪೂರ್ತಿ ಫೈಬರ್‌ಗ್ಲಾಸ್ ಗಾಡಿ. ಷಾಸಿಗೆ ಒಂದು ತಂತಿ ಎಳೆದರೆ ಆಯಿತಲ್ಲವೇ?

ಆಗುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಟರಿಯ ವಿದ್ಯುತ್ತಿಗೆ ನಾಲ್ಕು ಮೀಟರ್ ತಂತಿ ಎಂದರೆ ಷಾಸಿಯೇ. ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಮ್ ತೋರಿಸುತ್ತದೆ. ಆದರೆ 27 ಮೆಗಾಹರ್ಟ್ಸ್‌ನಲ್ಲಿ ಅದೇ ನಾಲ್ಕು ಮೀಟರ್ ತಂತಿ ಕಾಲು ಅಲೆಗಿಂತ ಉದ್ದ, ಅಂದರೆ ಅದೇ ಒಂದು ಆಂಟೆನಾ. ಅದು ಷಾಸಿಯನ್ನು ಮುಟ್ಟಿಸುವ ಬದಲು ತಾನೇ ಅಡ್ಡಾದಿಡ್ಡಿ ಪ್ರಸಾರ ಮಾಡುತ್ತದೆ. ಗ್ರೌಂಡ್ ಕೊಡುವುದಾದರೆ ಅರ್ಧ ಮೀಟರ್ ಒಳಗಿನ, ಅಗಲವಾದ, ಹೆಣೆದ ತಾಮ್ರದ ಪಟ್ಟಿ ಬೇಕು. ಅಷ್ಟು ಹತ್ತಿರದಲ್ಲಿ ಷಾಸಿ ಇಲ್ಲದಿದ್ದರೆ ಎರಡು ದಾರಿ ಉಳಿಯುತ್ತವೆ.

ಮೊದಲನೆಯದು ಎನ್‌ಜಿಪಿ ಎಂದು ಮಾರುವ ಆಂಟೆನಾ ಕಿಟ್, ಅಂದರೆ ಗ್ರೌಂಡ್ ಪ್ಲೇನ್ ಬೇಡದ್ದು. ಇದರಲ್ಲಿ ಆಂಟೆನಾದ ಇನ್ನರ್ಧದ ಕೆಲಸವನ್ನು ಜೊತೆಗೆ ಬರುವ ಕೇಬಲ್ಲೇ ಮಾಡುತ್ತದೆ. ಆದ್ದರಿಂದ ಆ ಕೇಬಲ್‌ನ ಉದ್ದ ಲೆಕ್ಕ ಹಾಕಿ ಇಟ್ಟದ್ದು, ಒಂದು ಗೇಣು ಕೂಡ ಕತ್ತರಿಸಬಾರದು, ಸೇರಿಸಲೂಬಾರದು. ಅದರ ಕಡ್ಡಿಯೂ ಬೇರೆ ಲೆಕ್ಕದ್ದು. ಎನ್‌ಜಿಪಿ ಕಡ್ಡಿಗೆ ಸಾಮಾನ್ಯ ಕೇಬಲ್, ಸಾಮಾನ್ಯ ಕಡ್ಡಿಗೆ ಎನ್‌ಜಿಪಿ ಕೇಬಲ್ ಹಾಕಿದರೆ ಎರಡೂ ಕೆಡುತ್ತವೆ. ಉಕ್ಕಿನ ಛಾವಣಿ ಇರುವವರು ಇದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಎರಡನೆಯದು ಲೋಹವನ್ನು ನೀವೇ ಒದಗಿಸುವುದು. ಛಾವಣಿಯ ಒಳಮೈಗೆ ಕೈ ಹೋಗುವಂತಿದ್ದರೆ ಅಲ್ಲಿ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಆಂಟೆನಾದ ಬುಡವನ್ನು ಅದಕ್ಕೆ ಬಿಗಿದು ಕೂರಿಸಬಹುದು. ಆದರ್ಶವೆಂದರೆ ಸುತ್ತ 2.7 ಮೀಟರ್, ಅಷ್ಟು ಯಾರಿಗೂ ಸಿಗುವುದಿಲ್ಲ. ಒಂದು ಮೀಟರ್ ಚದರ ಸಿಕ್ಕರೂ ವ್ಯತ್ಯಾಸ ಕಾಣುತ್ತದೆ. ಹಾಳೆಯ ಬದಲು ಬುಡದಿಂದ ನಾಲ್ಕು ದಿಕ್ಕಿಗೆ ತಾಮ್ರದ ಟೇಪ್ ಹಾಯಿಸುವವರೂ ಇದ್ದಾರೆ. ಹೊಸದಾಗಿ ಗಾಡಿ ಕಟ್ಟಿಸುತ್ತಿರುವವರಿಗೆ ನನ್ನ ಸಲಹೆ ಈ ಎರಡನೆಯ ದಾರಿಯೇ. ಕಟ್ಟಿ ಮುಗಿದ ಗಾಡಿಯನ್ನು ಬಿಚ್ಚಿಸುವ ಬದಲು ಎನ್‌ಜಿಪಿ ಹಾಕಿಕೊಳ್ಳಿ.

ಆಂಟೆನಾ ಎಲ್ಲಿ ಕೂರಿಸಲಿ?

ನಾಲ್ಕು ಜಾಗ ರೂಢಿಯಲ್ಲಿವೆ: ಛಾವಣಿ, ಹಿಂದಿನ ಏಣಿ, ಪಕ್ಕದ ಕನ್ನಡಿಯ ತೋಳು, ಮುಂದಿನ ಬಾನೆಟ್ ಅಥವಾ ಬಂಪರ್. ಒಂದೇ ನಿಯಮ ನೆನಪಿಡಿ: ಕಡ್ಡಿಯ ಮೂರರಲ್ಲಿ ಎರಡು ಭಾಗವಾದರೂ ಗಾಡಿಯ ಛಾವಣಿಗಿಂತ ಮೇಲಿರಬೇಕು. ಬಂಪರಿಗೆ ಕಟ್ಟಿದ ಆಂಟೆನಾ ಗಾಡಿಯ ಮೈಗೆ ಒತ್ತಿಕೊಂಡು ನಿಲ್ಲುತ್ತದೆ. ಹಿಂದಿನ ಬಂಪರಾದರೆ ಮುಂದೆ ಹೋಗುವವರಿಗೆ ನಿಮ್ಮ ಮಾತು ತಲುಪುವುದಿಲ್ಲ, ಮುಂದಿನದಾದರೆ ಹಿಂದಿನವರಿಗೆ.

ಹಿಂದಿನ ಏಣಿಯೇ ಬಹುಪಾಲು ಜನರ ಆಯ್ಕೆ, ಕಾರಣವೂ ಸರಿಯೇ: ಛಾವಣಿಗೆ ತೂತು ಬೇಡ, ಕ್ಲಾಂಪ್ ಹಾಕಿ ಬಿಗಿದರೆ ಮುಗಿಯಿತು, ಬಗ್ಗಿಸಿ ಮಲಗಿಸುವುದೂ ಸುಲಭ. ಆದರೆ ಏಣಿ ಅಲ್ಯೂಮಿನಿಯಂ ಆದರೂ ಫೈಬರ್‌ಗ್ಲಾಸ್ ಗೋಡೆಗೆ ತಿರುಪಿ ಕೂರಿಸಿದ್ದು, ಷಾಸಿಗೆ ಸೇರಿದ್ದಲ್ಲ. ಏಣಿ ಲೋಹ ಎಂಬ ಒಂದೇ ಕಾರಣಕ್ಕೆ ಸಾಮಾನ್ಯ ಆಂಟೆನಾ ಹಾಕಬೇಡಿ, ಅಲ್ಲಿಗೆ ಎನ್‌ಜಿಪಿ ಕಿಟ್ಟೇ ಸರಿ. ಇನ್ನೊಂದು ತೊಂದರೆ ಕೇಬಲ್‌ನದು, ಹಿಂದಿನಿಂದ ಚಾಲಕನವರೆಗೆ ಗಾಡಿಯ ಉದ್ದಕ್ಕೂ ಎಳೆಯಬೇಕು.

ಛಾವಣಿಯಲ್ಲಿ ಕೂರಿಸುವುದಾದರೆ ಏಸಿ ಪೆಟ್ಟಿಗೆ, ಸೋಲಾರ್ ಫಲಕ, ಡಿಶ್ ಇವುಗಳಿಂದ ಅರ್ಧ ಮೀಟರ್ ಆದರೂ ದೂರ ಇರಲಿ. ಪಕ್ಕದ ಮೇಲಾವರಣದ ಅಲ್ಯೂಮಿನಿಯಂ ಕೊಳವೆಯನ್ನು ಎಲ್ಲರೂ ಮರೆಯುತ್ತಾರೆ. ಅದು ನಾಲ್ಕೈದು ಮೀಟರ್ ಉದ್ದದ ಲೋಹ, ಪಕ್ಕದಲ್ಲೇ ಇದ್ದರೆ ಆಂಟೆನಾವನ್ನು ಕೆಡಿಸುತ್ತದೆ.

ಎತ್ತರದ ಲೆಕ್ಕ ಮರೆಯಬೇಡಿ. ಗಾಡಿ 3.5 ಮೀಟರ್, ಆಂಟೆನಾ 1.2 ಮೀಟರ್ ಎಂದರೆ ತುದಿ 4.7 ಮೀಟರ್‌ನಲ್ಲಿ. ಬ್ರಿಟನ್‌ನಲ್ಲಿ ಎತ್ತರದ ಫಲಕ ಇಲ್ಲದ ಸೇತುವೆಯಡಿ ಕನಿಷ್ಠ 5.03 ಮೀಟರ್ ಇರುತ್ತದೆ. ಫಲಕ ಇದ್ದಲ್ಲಿ ಅದಕ್ಕಿಂತ ಕಡಿಮೆ ಎಂದೇ ಅರ್ಥ. ಪೆಟ್ರೋಲ್ ಬಂಕಿನ ಮಾಡು, ರಸ್ತೆಗೆ ಬಾಗಿದ ಕೊಂಬೆ ಇವು ಇನ್ನೂ ತಗ್ಗು. ಹಾಗಾಗಿ ಬುಡದಲ್ಲಿ ಸ್ಪ್ರಿಂಗ್ ಇಲ್ಲವೇ ಮಡಚುವ ಕೀಲು ಬೇಕು. ಕೀಲಾದರೆ ಕೆಳಗೆ ನಿಂತೇ ಮಡಚುವಂತಿರಲಿ. ಕ್ಯಾಂಪಿನಲ್ಲಿ ಆಂಟೆನಾ ಎತ್ತುವ ಮುನ್ನ ತಲೆ ಎತ್ತಿ ನೋಡಿ: ಮೇಲೆ ವಿದ್ಯುತ್ ತಂತಿ ಇದ್ದರೆ ಅಲ್ಲಿ ಎತ್ತಲೇಬೇಡಿ. ಇದು ಪ್ರಾಣದ ವಿಷಯ.

ಕನ್ನಡಿಯ ತೋಳಿಗೆ ಕೂರಿಸಿದೆ. ರೇಡಿಯೋ ಏನೂ ಹಿಡಿಯುತ್ತಿಲ್ಲ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದು ಪುಟ್ಟ ಬಿಳಿ ಪ್ಲಾಸ್ಟಿಕ್ ವಾಷರ್. ಆಂಟೆನಾದ ಬುಡದ ಬೋಲ್ಟು ಬ್ರಾಕೆಟ್‌ನ ತೂತಿನೊಳಗೆ ಹಾಯುತ್ತದೆ. ಬೋಲ್ಟು ಕೇಬಲ್‌ನ ನಡುತಂತಿಗೆ ಸೇರಬೇಕು, ಬ್ರಾಕೆಟ್ ಕೇಬಲ್‌ನ ಹೊರ ಜಾಲಿಗೆ ಸೇರಬೇಕು, ಎರಡೂ ಒಂದಕ್ಕೊಂದು ತಾಗಬಾರದು. ಆ ಬಿಳಿ ವಾಷರ್‌ಗೆ ಒಂದು ಸಣ್ಣ ಏರುಭುಜ ಇರುತ್ತದೆ. ಆ ಭುಜ ತೂತಿನ ಒಳಗೆ ಇಳಿದು ಕೂತು ಬೋಲ್ಟನ್ನು ಲೋಹದಿಂದ ಬೇರೆ ಇಡಬೇಕು. ತಿರುಗುಮುರುಗಾಗಿ ಹಾಕಿದರೆ, ಅಥವಾ ವಾಷರ್ ಓರೆಯಾಗಿರುವಾಗಲೇ ಬಿಗಿದು ಭುಜ ಸೀಳಿದರೆ, ಬೋಲ್ಟು ತೂತಿನ ಅಂಚಿಗೆ ತಾಗುತ್ತದೆ. ಅಲ್ಲಿಗೆ ಶಾರ್ಟ್.

ಪರೀಕ್ಷೆ ಸುಲಭ. ಕೇಬಲನ್ನು ರೇಡಿಯೋದಿಂದ ಬಿಚ್ಚಿ. ಪ್ಲಗ್‌ನ ನಡುಮೊಳೆಗೂ ಹೊರಗಿನ ಉಂಗುರಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯ ಫೈಬರ್‌ಗ್ಲಾಸ್ ಕಡ್ಡಿಯಲ್ಲಿ ಸಂಪರ್ಕ ತೋರಿಸಬಾರದು (ಕೆಲವು ಮಾದರಿಗಳಲ್ಲಿ ಸುರುಳಿಯೇ ಗ್ರೌಂಡ್‌ಗೆ ಸೇರಿರುತ್ತದೆ, ಅವುಗಳ ಕೈಪಿಡಿ ನೋಡಿ). ಆಮೇಲೆ ಉಂಗುರಕ್ಕೂ ಷಾಸಿಗೂ ಹಿಡಿಯಿರಿ, ಇಲ್ಲಿ ಸೊನ್ನೆಗೆ ಹತ್ತಿರ ಬರಬೇಕು. ಬರದಿದ್ದರೆ ಕನ್ನಡಿಯ ತೋಳಿನ ಬಣ್ಣ ಅಡ್ಡ ಬರುತ್ತಿದೆ. ಬ್ರಾಕೆಟ್ ಕೂರುವ ಜಾಗದಲ್ಲಿ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ.

ಅಯಸ್ಕಾಂತದ ಬುಡ ಇರುವ ಆಂಟೆನಾ ಆಗುವುದಿಲ್ಲವೇ?

ಉಕ್ಕಿನ ಛಾವಣಿಯ ವ್ಯಾನ್‌ಗೆ ಧಾರಾಳವಾಗಿ ಆಗುತ್ತದೆ. ಫೈಬರ್‌ಗ್ಲಾಸ್‌ಗೂ ಅಲ್ಯೂಮಿನಿಯಂಗೂ ಅದು ಅಂಟುವುದೇ ಇಲ್ಲ.

ಲಾರಿಯವರ ಹಾಗೆ ಎರಡು ಆಂಟೆನಾ ಹಾಕಿದರೆ?

ಎರಡರ ನಡುವೆ ಸುಮಾರು 2.7 ಮೀಟರ್ ಅಂತರ ಸಿಕ್ಕರೆ ಮಾತ್ರ ಹಿಂದೆ ಮುಂದೆ ಸ್ವಲ್ಪ ದೂರ ಹೆಚ್ಚುತ್ತದೆ, ಪಕ್ಕಗಳಲ್ಲಿ ಕಡಿಮೆಯಾಗುತ್ತದೆ. ಮೋಟಾರ್‌ಹೋಮ್‌ನ ಕನ್ನಡಿಗಳ ನಡುವೆ ಅಷ್ಟು ಸಿಗುವುದು ಅಪರೂಪ, ಮೇಲಾಗಿ ನಡುವಿನ ಎತ್ತರದ ಮೈ ಅಡ್ಡ. ಒಂದೇ ಹಾಕಿ, ಅದನ್ನೇ ಚೆನ್ನಾಗಿ ಹಾಕಿ.

ಕೇಬಲ್ ಯಾವುದು? ಉದ್ದ ಹೆಚ್ಚಾದರೆ ಸುತ್ತಿಡಬಹುದೇ?

50 ಓಮ್‌ನ ಕೋಆಕ್ಸಿಯಲ್ ಕೇಬಲ್ಲೇ ಆಗಬೇಕು. ಟಿವಿ ಕೇಬಲ್ 75 ಓಮ್‌ನದು, ಬೇಡ. ಆರ್‌ಜಿ-58 ತೆಳು, ಬಾಗಿಸಲು ಸುಲಭ, 6 ಮೀಟರ್‌ವರೆಗೆ ಅದರ ನಷ್ಟ ಲೆಕ್ಕಕ್ಕಿಲ್ಲ. 12 ಮೀಟರ್ ಎಳೆಯಬೇಕಾದರೆ ಆರರಲ್ಲೊಂದು ಭಾಗದಷ್ಟು ಶಕ್ತಿ ದಾರಿಯಲ್ಲೇ ಹೋಗುತ್ತದೆ, ಅಲ್ಲಿ ಸ್ವಲ್ಪ ದಪ್ಪದ ಆರ್‌ಜಿ-8ಎಕ್ಸ್ ಹಾಕಿ. ಬಾಗಿಲಿನ ಸಂದಿನಲ್ಲಿ ತೂರಿಸಬೇಡಿ: ಪ್ರತಿ ಸಲ ಮುಚ್ಚಿದಾಗಲೂ ಕೇಬಲ್ ಚಪ್ಪಟೆಯಾಗುತ್ತದೆ, ಒಂದು ದಿನ ಒಳಗೇ ಶಾರ್ಟ್ ಆಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮಿಕ್ಕ ಕೇಬಲನ್ನು ಬಿಗಿಯಾದ ಸಣ್ಣ ಸುರುಳಿ ಮಾಡುವ ಬದಲು, ಒಂದು ಮೊಳ ಉದ್ದದ ಸಡಿಲ ಮಡಿಕೆಗಳಾಗಿ ಎಂಟರ ಆಕಾರದಲ್ಲಿ ಕಟ್ಟಿಡಿ.

ಛಾವಣಿಗೆ ತೂತು ಹಾಕದೆ ಕೇಬಲ್ ಒಳಗೆ ತರಬಹುದೇ?

ಫ್ರಿಜ್‌ನ ಗಾಳಿ ಕಿಂಡಿ ನೋಡಿ. ಗ್ಯಾಸ್ ಫ್ರಿಜ್ ಇರುವ ಗಾಡಿಯಲ್ಲಿ ಅದರ ಹಿಂದೆ ಛಾವಣಿಯವರೆಗೆ ಒಂದು ಗೂಡು ಇರುತ್ತದೆ, ಕೇಬಲ್ ಅಲ್ಲಿಂದ ಇಳಿಸಬಹುದು. ಬರ್ನರ್ ಮತ್ತು ಹೊಗೆ ಕೊಳವೆಯಿಂದ ದೂರ ಇಟ್ಟು ಕ್ಲಿಪ್ ಹಾಕಿ, ಗೂಡಿನಿಂದ ವಾಸದ ಭಾಗಕ್ಕೆ ಬರುವ ತೂತನ್ನು ಭದ್ರವಾಗಿ ಮುಚ್ಚಿ. ಹೊಗೆ ಒಳಗೆ ಬರಬಾರದು.

ತೂತು ಹಾಕಲೇಬೇಕಾದರೆ ಕೇಬಲ್‌ಗೆ ತಕ್ಕ ಜಲನಿರೋಧಕ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಹಿಡಿದು ತೂತು ಮುಚ್ಚುವ ಜೋಡಣೆ) ತಂದು, ಕೆಳಗೆ ಬ್ಯುಟೈಲ್ ಟೇಪ್, ಮೇಲೆ ಆ ಛಾವಣಿಗೆಂದೇ ಮಾಡಿದ ಸೀಲಂಟ್ ಹಾಕಿ. ರಬ್ಬರ್ ಛಾವಣಿಗೆ ಮಾಮೂಲಿ ಸಿಲಿಕೋನ್ ಬೇಡ: ಸರಿಯಾಗಿ ಹಿಡಿಯುವುದಿಲ್ಲ, ಆಮೇಲೆ ಅದರ ಮೇಲೆ ಬೇರೆ ಸೀಲಂಟೂ ಕೂರುವುದಿಲ್ಲ. ಮೋಟಾರ್‌ಹೋಮ್‌ನ ದೊಡ್ಡ ಶತ್ರು ನೀರು. ರೇಡಿಯೋ ಕೆಟ್ಟರೆ ಇನ್ನೊಂದು ತರಬಹುದು, ಕೊಳೆತ ಛಾವಣಿಯನ್ನು ರಿಪೇರಿ ಮಾಡುವುದು ಬೇರೆಯೇ ಯಾತನೆ. ಕೇಬಲ್ ಒಳಹೋಗುವ ಮುನ್ನ ಕೆಳಕ್ಕೆ ಒಂದು ಬಾಗು ಬಿಡಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ.

ಕರೆಂಟ್ ಯಾವ ಬ್ಯಾಟರಿಯಿಂದ ತೆಗೆಯಲಿ?

ಎಂಜಿನ್ ಬ್ಯಾಟರಿಯಿಂದ, ನೇರವಾಗಿ. ಮನೆಯ ಕಡೆಯ ಬ್ಯಾಟರಿಗೆ ಇನ್ವರ್ಟರ್, ಚಾರ್ಜರ್, ಸೋಲಾರ್ ಕಂಟ್ರೋಲರ್ ಎಲ್ಲ ಸೇರಿಕೊಂಡಿರುತ್ತವೆ, ಅವುಗಳ ಗದ್ದಲ ತಂತಿಯಲ್ಲೇ ಹರಿದು ಬರುತ್ತದೆ. ಸಿಬಿ ತಿನ್ನುವುದು ಸ್ವಲ್ಪವೇ, ಮಾತಾಡುವಾಗ 2 ಆಂಪಿಯರ್ ಆಸುಪಾಸು. 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ಹೋಗಿಬರುವ ದಾರಿಯಲ್ಲಿ 0.15 ವೋಲ್ಟ್ ಕೂಡ ಇಳಿಯುವುದಿಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ರೇಡಿಯೋದ ಹತ್ತಿರ ಮಾತ್ರ ಇದ್ದರೆ ನಡುವಿನ ತಂತಿ ಉಜ್ಜಿ ಷಾಸಿಗೆ ತಾಗಿದಾಗ ಅದನ್ನು ಕಾಯುವವರಿಲ್ಲ. ಹೊಸ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕಂಬಕ್ಕೆ ಒಂದು ಸೆನ್ಸರ್ ಕೂತಿರುತ್ತದೆ. ಅಂಥಲ್ಲಿ ರೇಡಿಯೋದ ಮೈನಸ್ ತಂತಿಯನ್ನು ಕಂಬಕ್ಕೆ ಕೊಡದೆ, ಸೆನ್ಸರ್ ದಾಟಿದ ಮೇಲಿನ ಷಾಸಿ ಬೋಲ್ಟಿಗೆ ಕೊಡಿ.

24 ವೋಲ್ಟ್ ಷಾಸಿ ಆಗಿದ್ದರೆ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ 12 ವೋಲ್ಟ್ ಕದಿಯಬೇಡಿ, ಎರಡೂ ಬ್ಯಾಟರಿ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

ಎಸ್‌ಡಬ್ಲ್ಯೂಆರ್ ನೋಡಲೇಬೇಕೇ? ಹೇಗೆ ನೋಡುವುದು?

ನೋಡಲೇಬೇಕು. ರೇಡಿಯೋ ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹೊರಟಿತು, ಎಷ್ಟು ವಾಪಸ್ ಬಂತು ಎಂಬುದರ ಅಳತೆ ಅದು. 1.5 ಬಂದರೆ ನೂರರಲ್ಲಿ 4 ಭಾಗ ವಾಪಸ್, 2 ಬಂದರೆ 11 ಭಾಗ, 3 ಬಂದರೆ 25 ಭಾಗ. 1.5ರೊಳಗೆ ಉತ್ತಮ, 2ರೊಳಗೆ ನಡೆಯುತ್ತದೆ, 3 ದಾಟಿದರೆ ಮೈಕ್ ಒತ್ತಬೇಡಿ, ವಾಪಸ್ ಬಂದ ಶಕ್ತಿ ರೇಡಿಯೋದ ಕೊನೆಯ ಟ್ರಾನ್ಸಿಸ್ಟರನ್ನು ಸುಡಬಹುದು. ಆಂಟೆನಾ ಸಿಕ್ಕಿಸದೆ ಮಾತಾಡಲೇಬಾರದು ಎನ್ನುವುದೂ ಇದಕ್ಕೇ.

ಗಾಡಿಯನ್ನು ಗೋಡೆ, ಮರ, ಬೇರೆ ಗಾಡಿಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿ, ಮೇಲಾವರಣ ಸುತ್ತಿ, ಡಿಶ್ ಮಲಗಿಸಿ. ರಸ್ತೆಯಲ್ಲಿ ಗಾಡಿ ಹೇಗೆ ಇರುತ್ತದೋ ಹಾಗೇ ಇರಬೇಕು. ಮೀಟರನ್ನು ರೇಡಿಯೋ ಮತ್ತು ಆಂಟೆನಾ ಕೇಬಲ್ ನಡುವೆ ಸಿಕ್ಕಿಸಿ. ಚಾನೆಲ್ 1ಕ್ಕೆ ಹೋಗಿ, ಯಾರೂ ಮಾತಾಡುತ್ತಿಲ್ಲ ಎಂದು ಕೇಳಿ ನೋಡಿ, ಮೀಟರ್‌ನ ಸ್ವಿಚ್ಚನ್ನು ಮುಂದಿನ ಶಕ್ತಿಯ ಕಡೆಗಿಟ್ಟು ಮೈಕ್ ಒತ್ತಿ, ಏನೂ ಮಾತಾಡದೆ. ಮುಳ್ಳು ಕೊನೆಯ ಗೆರೆಗೆ ಬರುವಂತೆ ಗುಂಡಿ ತಿರುಗಿಸಿ, ಸ್ವಿಚ್ಚನ್ನು ಮರಳುವ ಶಕ್ತಿಯ ಕಡೆಗೆ ತಳ್ಳಿ, ಅಂಕಿ ಓದಿ, ಮೈಕ್ ಬಿಡಿ. ಎಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯಬೇಕು. ಇದನ್ನೇ ಚಾನೆಲ್ 20ರಲ್ಲಿ, 40ರಲ್ಲಿ ಮಾಡಿ, ಮೂರೂ ಅಂಕಿ ಬರೆದಿಡಿ.

ಚಾನೆಲ್ 1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡವಾಗಿದೆ, ತುದಿಯ ತಿರುಪನ್ನು ಹೊರಕ್ಕೆ ಬಿಡಿ. 1ರಲ್ಲಿ ಕಡಿಮೆ, 40ರಲ್ಲಿ ಹೆಚ್ಚು ಬಂದರೆ ಉದ್ದವಾಗಿದೆ, ಒಳಕ್ಕೆ ತಿರುಪಿ. ಎರಡೂ ಕೊನೆ ಸಮನಾಗಿ, 20ರಲ್ಲಿ ಅತಿ ಕಡಿಮೆ ಬಂದಾಗ ಸರಿಯಾಯಿತು. ಕತ್ತರಿಸಿ ಹೊಂದಿಸುವ ಕಡ್ಡಿಯಾದರೆ ಸಲಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ. ಮೂರೂ ಚಾನೆಲ್‌ನಲ್ಲಿ 3 ದಾಟಿದರೆ ಅದು ಉದ್ದದ ಸಮಸ್ಯೆ ಅಲ್ಲ, ಎಲ್ಲೋ ಶಾರ್ಟ್ ಆಗಿದೆ ಅಥವಾ ತುಂಡಾಗಿದೆ. ಎಷ್ಟು ತಿರುಪಿದರೂ 2 ಮತ್ತು 3ರ ನಡುವೆಯೇ ನಿಂತರೆ ಕೆಳಗೆ ಲೋಹ ಸಾಲದು.

ರೇಡಿಯೋದಲ್ಲೇ ಮೀಟರ್ ಇದ್ದರೂ ಹೊಂದಿಸುವ ದಿನ ಬೇರೆ ಮೀಟರ್ ಎರವಲು ತನ್ನಿ, ಒಳಗಿನದು ಅಂದಾಜಿಗೆ ಮಾತ್ರ.

ಎಂಜಿನ್ ಶುರು ಮಾಡಿದರೆ, ಒಳಗೆ ದೀಪ ಹಾಕಿದರೆ ಕರಕರ ಸದ್ದು. ಏನು ಮಾಡಲಿ?

ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಮೊದಲು ಹುಡುಕಿ. ರೇಡಿಯೋ ಆನ್ ಇರುವಾಗ ಆಂಟೆನಾ ಕೇಬಲ್ ಬಿಚ್ಚಿ. ಸದ್ದು ನಿಂತರೆ ಅದು ಗಾಳಿಯಲ್ಲಿ ಆಂಟೆನಾದ ಮೂಲಕ ಬರುತ್ತಿದೆ, ನಿಲ್ಲದಿದ್ದರೆ ಕರೆಂಟಿನ ತಂತಿಯಲ್ಲಿ. ತಂತಿಯದಾದರೆ ನೇರ ಬ್ಯಾಟರಿ ಸಂಪರ್ಕ, ಜೊತೆಗೊಂದು ಫಿಲ್ಟರ್. ಗಾಳಿಯದಾದರೆ ಎಂಜಿನ್ ನಿಲ್ಲಿಸಿ, ಗಾಡಿಯೊಳಗಿನ ಒಂದೊಂದೇ ಸ್ವಿಚ್ ಆರಿಸುತ್ತ ಬನ್ನಿ. ಎಲ್‌ಇಡಿ ದೀಪ, ಯುಎಸ್‌ಬಿ ಚಾರ್ಜರ್, ಇನ್ವರ್ಟರ್, ಬಿಸಿಲಿದ್ದಾಗ ಮಾತ್ರ ಕಾಡುವ ಸೋಲಾರ್ ಕಂಟ್ರೋಲರ್, ಇವೇ ಮಾಮೂಲಿ ಅಪರಾಧಿಗಳು. ಸಿಕ್ಕಿದ ಉಪಕರಣದ ತಂತಿಗೆ ಗದ್ದಲ ತಡೆಯುವ ಫೆರೈಟ್ ಕ್ಲಿಪ್ ಹಾಕಿ, ತಂತಿಯನ್ನು ಅದರೊಳಗೆ ಮೂರು ನಾಲ್ಕು ಸುತ್ತು ಹಾಯಿಸಿದರೆ ಇನ್ನೂ ಒಳ್ಳೆಯದು. ಅಗ್ಗದ ಚಾರ್ಜರ್ ಆದರೆ ಬದಲಿಸಿಬಿಡಿ.

ಲೀನಿಯರ್ ಆಂಪ್ಲಿಫೈಯರ್ ಹಾಕಿದರೆ ದೂರ ಹೋಗುತ್ತದಂತೆ?

ರೇಡಿಯೋದ ಶಕ್ತಿಯನ್ನು ಮಿತಿ ಮೀರಿ ಹೆಚ್ಚಿಸುವ ಈ ಪೆಟ್ಟಿಗೆ ಕಾನೂನುಬಾಹಿರ. ನಿಮ್ಮ ಮಾತು ದೂರ ಹೋದರೂ ಅವರ ಉತ್ತರ ನಿಮಗೆ ಕೇಳುವುದಿಲ್ಲ, ಅವರ ಶಕ್ತಿ 4 ವಾಟ್ಟೇ ತಾನೆ.

ಯಾವ ಚಾನೆಲ್‌ನಲ್ಲಿ ಇರಬೇಕು?

ಅಮೆರಿಕದಲ್ಲಿ ಲಾರಿಯವರು ಇರುವುದು 19ರಲ್ಲಿ. 9 ತುರ್ತು ಸಹಾಯಕ್ಕೆ ಮೀಸಲು, ಹರಟೆಗಲ್ಲ. ಜೊತೆಗಾಡಿಯವರೊಡನೆ ಮಾತಾಡಲು ಈ ಎರಡನ್ನೂ ಬಿಟ್ಟು ಬೇರೊಂದನ್ನು ಹೊರಡುವ ಮುನ್ನವೇ ಗೊತ್ತು ಮಾಡಿಕೊಳ್ಳಿ. ಸ್ಕ್ವೆಲ್ಚ್ ಗುಂಡಿಯನ್ನು ಗದ್ದಲ ನಿಲ್ಲುವ ಬಿಂದುವಿಗೆ ತಂದು ಅಲ್ಲೇ ನಿಲ್ಲಿಸಿ. ಇನ್ನೂ ತಿರುಗಿಸಿದರೆ ದೂರದ ಸಣ್ಣ ದನಿಗಳೂ ಅಡಗಿಹೋಗುತ್ತವೆ. ಮೈಕ್ ಬಾಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ, ಗುಂಡಿ ಒತ್ತಿ ಅರೆಕ್ಷಣ ಬಿಟ್ಟು ಮಾತು. ಸಾಧ್ಯವಾದಾಗಲೆಲ್ಲ ಮೈಕ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಮೈಕಿನ ತಂತಿ ಸ್ಟಿಯರಿಂಗ್‌ಗಾಗಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗಾಗಲಿ ಅಡ್ಡ ಬರಬಾರದು.

ಗಾಡಿ ಹಿಂದಕ್ಕೆ ತೆಗೆಯುವಾಗ ಹೊರಗೆ ನಿಂತವರು ದಾರಿ ಹೇಳಲು ಸಿಬಿ ಬಳಸಬಹುದೇ?

ಅದಕ್ಕೆ ಅಂಗೈಯಗಲದ ಎಫ್‌ಆರ್‌ಎಸ್ (ಅಮೆರಿಕದಲ್ಲಿ ಹತ್ತಿರದ ಮಾತಿಗಿರುವ ಬಗೆ) ವಾಕಿಟಾಕಿ ಜೋಡಿ ಸಾಕು. ಯುರೋಪಿನಲ್ಲಾದರೆ ಅಂಥದ್ದೇ ಅರ್ಧ ವಾಟ್‌ನ ಪಿಎಂಆರ್ 446. ಸಿಬಿಗೆ ಬೇಕಾದಷ್ಟು ಉದ್ದದ ಆಂಟೆನಾ ಹಿಡಿದು ಯಾರೂ ಗಾಡಿಯ ಹಿಂದೆ ನಿಲ್ಲಲಾರರು.

ಒಮ್ಮೆ ಹಾಕಿದ ಮೇಲೆ ಮತ್ತೇನಾದರೂ ನೋಡುತ್ತಿರಬೇಕೇ?

ಗುಡುಗು ಮಿಂಚು ಬರುವ ಸೂಚನೆ ಇದ್ದು ಗಾಡಿ ನಿಂತಿದ್ದರೆ ಆಂಟೆನಾ ಕೇಬಲನ್ನು ರೇಡಿಯೋದಿಂದ ಬಿಚ್ಚಿಡಿ. ದೂರದ ಪ್ರಯಾಣಕ್ಕೆ ಮುನ್ನ ಬುಡದ ಬೋಲ್ಟು ಬಿಗಿಯಿದೆಯೇ, ಹೊರಗಿನ ಪ್ಲಗ್‌ನೊಳಗೆ ಹಸಿರು ಕಿಲುಬು ಕಟ್ಟಿದೆಯೇ ನೋಡಿ. ಒಮ್ಮೆ ನೀರು ಕುಡಿದ ಕೇಬಲ್ ಒಣಗಿಸಿದರೂ ಸರಿಹೋಗುವುದಿಲ್ಲ, ಬದಲಿಸಬೇಕು. ಅದನ್ನು ತಡೆಯಲು ಹೊರಗಿನ ಪ್ರತಿ ಜೋಡಣೆಗೂ ತನಗೇ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದಂತೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ಛಾವಣಿಯ ಮೇಲೆ ಹೊಸ ಸೋಲಾರ್ ಫಲಕವನ್ನೋ ಏಸಿಯನ್ನೋ ಕೂರಿಸಿದ ಮೇಲೆ ಎಸ್‌ಡಬ್ಲ್ಯೂಆರ್ ಇನ್ನೊಮ್ಮೆ ಅಳೆದು, ಮೊದಲು ಬರೆದಿಟ್ಟ ಮೂರು ಅಂಕಿಗಳ ಜೊತೆ ಹೋಲಿಸಿ ನೋಡಿ.